ಮರದ ಹೆಂಚೋ ಸಿಂಥೆಟಿಕ್ ಹೆಂಚೋ: ಚಾವಣಿ ಪಾಠದ ಟಿಪ್ಪಣಿ

ಇಳಿಜಾರು ಚಾವಣಿಗೆ ಮರದ ಹೆಂಚು ಹಾಕಬೇಕಾ, ಮರದಂತೆಯೇ ಕಾಣುವ ಸಿಂಥೆಟಿಕ್ ಹೆಂಚು ಹಾಕಬೇಕಾ? ಈ ಪ್ರಶ್ನೆಗೆ ಸಾಮಾನ್ಯವಾಗಿ ಒಂದು ಪಟ್ಟಿ ಸಿಗುತ್ತದೆ. ಎಡಕ್ಕೆ ಅನುಕೂಲ, ಬಲಕ್ಕೆ ಅನನುಕೂಲ. ಆ ಪಟ್ಟಿಯನ್ನು ಎಷ್ಟು ಸಲ ಓದಿದರೂ ನನ್ನ ತಲೆಯಲ್ಲಿ ನಿಲ್ಲಲಿಲ್ಲ. ಕೊನೆಗೆ ಒಂದೇ ಪ್ರಶ್ನೆ ಹಿಡಿದುಕೊಂಡೆ: ಈ ಹೆಂಚು ಯಾವುದರಿಂದ ಹಾಳಾಗುತ್ತದೆ? ಮರ ಹಾಳಾಗುವುದು ಮುಖ್ಯವಾಗಿ ಒಣಗಲು ಬಿಡದಿದ್ದರೆ. ಪ್ಲಾಸ್ಟಿಕ್ ಹಾಳಾಗುವುದು ಮುಖ್ಯವಾಗಿ ಬಿಸಿಲಿನಿಂದ. ಇಷ್ಟು ಗಟ್ಟಿಯಾದ ಮೇಲೆ ಇಳಿಜಾರು, ಮೊಳೆ, ಅಡಿಹಾಸು (ಹೆಂಚಿನ ಕೆಳಗೆ ಹಾಸುವ ಪದರ), ಗ್ಯಾರಂಟಿ ಎಲ್ಲವೂ ಸರಾಗವಾಗಿ ಅರ್ಥವಾಗತೊಡಗಿತು. ಅದೇ ದಾರಿಯಲ್ಲಿ ಬರೆಯುತ್ತಿದ್ದೇನೆ.

ಮೊದಲು ಮರ

ಚಾವಣಿಗೆ ಬಳಸುವ ಮರದ ಹೆಂಚಿನಲ್ಲಿ ಎರಡು ಜಾತಿ. ಗರಗಸದಿಂದ ಕೊಯ್ದು ನುಣುಪಾಗಿ ಮಾಡಿದ್ದು ಶಿಂಗಲ್. ದಿಮ್ಮಿಯ ತುಂಡನ್ನು ಎಳೆಯ ಗುಂಟ ಸೀಳಿದ್ದು ಶೇಕ್. ಇದು ದಪ್ಪ, ಮೈ ಒರಟು. ಸೀಳಿದ ಶೇಕ್ ಮೇಲೆ ಬೆರಳಾಡಿಸಿದರೆ ಉದ್ದಕ್ಕೂ ಸಣ್ಣ ಕಾಲುವೆಗಳಂತೆ ಗೆರೆಗಳು ಸಿಗುತ್ತವೆ. ಅವು ಮರದ ನಾರಿನ ಗೆರೆಗಳೇ. ಸೀಳುವಾಗ ಮರ ನಾರಿನ ಗುಂಟ ಬಿಟ್ಟುಕೊಳ್ಳುತ್ತದೆ, ನಾರು ಅಡ್ಡಕ್ಕೆ ತುಂಡಾಗುವುದು ಕಡಿಮೆ. ಹಾಗಾಗಿ ನೀರು ಒಳಗೆ ಇಳಿಯದೆ ಗೆರೆ ಹಿಡಿದು ಜಾರುತ್ತದೆ. ಗರಗಸ ನಾರನ್ನು ಲೆಕ್ಕಿಸುವುದಿಲ್ಲ, ತನ್ನ ನೇರಕ್ಕೆ ಕೊಯ್ಯುತ್ತದೆ.

ಉತ್ತರ ಅಮೆರಿಕದಲ್ಲಿ ಇದಕ್ಕೆ ಹೆಚ್ಚಾಗಿ ಬಳಸುವುದು ವೆಸ್ಟರ್ನ್ ರೆಡ್ ಸೀಡರ್. ಹಗುರ ಮರ, ಆದರೂ ಬೇಗ ಕೊಳೆಯುವುದಿಲ್ಲ. ಅದರ ಚೇಗಿನಲ್ಲಿ, ಅಂದರೆ ಒಳಗಿನ ಬಣ್ಣಗಟ್ಟಿದ ತಿರುಳಿನಲ್ಲಿ, ಥುಜಾಪ್ಲಿಸಿನ್ ಎಂಬ ರಾಸಾಯನಿಕಗಳಿವೆ. ಅವು ಶಿಲೀಂಧ್ರವನ್ನು ತಡೆಯುತ್ತವೆ. ಹೊರಗಿನ ಬಿಳಿ ಭಾಗಕ್ಕೆ ಈ ಶಕ್ತಿ ಇಲ್ಲ. ಸೀಡರ್ ಎಂದು ಹೆಸರಿದ್ದರೆ ಸಾಲದು, ಪೂರ್ತಿ ಚೇಗಾ ಅಂತ ಕೇಳಬೇಕು. ಜೊತೆಗೆ, ವರ್ಷಗಟ್ಟಲೆ ಮಳೆ ತಗುಲಿದರೆ ಈ ರಕ್ಷಕ ಅಂಶ ಸ್ವಲ್ಪ ಸ್ವಲ್ಪವಾಗಿ ತೊಳೆದುಹೋಗುತ್ತದೆ.

ಇನ್ನೊಂದು ಸೂಕ್ಷ್ಮ ಇದೆ, ನನಗೆ ತುಂಬಾ ಇಷ್ಟವಾದದ್ದು. ಹೆಂಚಿನ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಬೆಳವಣಿಗೆಯ ಗೆರೆಗಳು ನೆಟ್ಟಗೆ ನಿಂತಿದ್ದರೆ ಅದು ಒಳ್ಳೆಯ ಕೊಯ್ತ. ಗೆರೆಗಳು ಬಿಲ್ಲಿನಂತೆ ಮಲಗಿದ್ದರೆ ಆ ಹೆಂಚು ಮುಂದೆ ಬಾಗುತ್ತದೆ. ಕಾರಣ ಸರಳ. ಮರ ಒಣಗುವಾಗ ಉಂಗುರದ ಸುತ್ತಿನ ದಿಕ್ಕಿನಲ್ಲಿ ಕುಗ್ಗುವುದು, ನಡುವಿನಿಂದ ಹೊರಕ್ಕೆ ಹೋಗುವ ದಿಕ್ಕಿಗಿಂತ ಸುಮಾರು ಎರಡು ಪಟ್ಟು ಜಾಸ್ತಿ. ಇದನ್ನು ನಾನು ಮನೆಯಲ್ಲೇ ಮಾಡಿ ನೋಡಿದೆ. ಎರಡು ಬಗೆಯ ಎರಡು ತೆಳು ಚೂರು ತೆಗೆದುಕೊಂಡು ರಾತ್ರಿಯಿಡೀ ನೀರಿನಲ್ಲಿ ನೆನೆಸಿಟ್ಟೆ, ಬೆಳಿಗ್ಗೆ ಬಿಸಿಲಿಗೆ ಹಾಕಿದೆ. ಸಂಜೆಗೆ ಗೆರೆ ಮಲಗಿದ ಚೂರು ದೊನ್ನೆಯ ಹಾಗೆ ಬಾಗಿತ್ತು. ಇನ್ನೊಂದು ಹಾಗೇ ಚಪ್ಪಟೆಯಾಗಿ ಬಿದ್ದಿತ್ತು. ಚಾವಣಿಯ ಮೇಲೆ ಹೆಂಚು ಹೀಗೆ ಬಾಗಿದರೆ ಅಂಚು ಮೇಲೇಳುತ್ತದೆ, ಮೊಳೆ ಸಡಿಲವಾಗುತ್ತದೆ, ಗಾಳಿಗೆ ದಾರಿಯಾಗುತ್ತದೆ.

ಬಿಸಿಲಿಗೆ ಮರ ಬೂದು ಬಣ್ಣಕ್ಕೆ ತಿರುಗುವುದನ್ನು ನೋಡಿ ಹೆದರಬೇಡಿ. ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಮೇಲ್ಪದರದಲ್ಲಿ ಒಡೆದು ತೊಳೆದುಹೋದಾಗ ಆ ಬಣ್ಣ ಬರುತ್ತದೆ. ಹೆದರಬೇಕಾದದ್ದು ತೇವಕ್ಕೆ. ಮರದ ತೇವಾಂಶ ಶೇ. 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರಕ್ಕೆ ಅಲ್ಲಿ ಬಾಳುವೆ ಇಲ್ಲ ಅನ್ನುವುದು ಎಲ್ಲರೂ ಹಿಡಿಯುವ ಲೆಕ್ಕ. ಸುಮಾರು 30 ದಾಟಿ, ಬಹಳ ದಿನ ಹಾಗೇ ಉಳಿದರೆ ಕೊಳೆತ ಜೋರಾಗುತ್ತದೆ. ಮಳೆಯಲ್ಲಿ ನೆನೆದರೆ ತೊಂದರೆ ಇಲ್ಲ. ಮುಂದಿನ ಮಳೆಯೊಳಗೆ ಒಣಗಿತಾ ಎಂಬುದೇ ಪ್ರಶ್ನೆ.

ಮರದ ಚಾವಣಿಯ ಕಟ್ಟುನಿಟ್ಟುಗಳೆಲ್ಲ ಈ ಒಣಗುವಿಕೆಗಾಗಿಯೇ ಇವೆ. ಅಮೆರಿಕದಲ್ಲಿ ಬಳಸುವ ಅಂತರರಾಷ್ಟ್ರೀಯ ಕಟ್ಟಡ ಸಂಹಿತೆಯ (ಐಬಿಸಿ) ಪ್ರಕಾರ, ಶಿಂಗಲ್‌ಗೆ ಕನಿಷ್ಠ ಇಳಿಜಾರು 12 ಅಡಿಗೆ 3 ಅಡಿ, ಅಂದರೆ ಅಡ್ಡಕ್ಕೆ 12 ಅಡಿ ಹೋದರೆ 3 ಅಡಿ ಇಳಿತ. ಶೇಕ್‌ಗೆ 12ಕ್ಕೆ 4. ಶೇಕ್‌ನ ಮೈ ಒರಟು, ಎರಡು ಹೆಂಚಿನ ನಡುವೆ ಸಂದು ಜಾಸ್ತಿ. ಅದಕ್ಕೇ ಇನ್ನಷ್ಟು ಕಡಿದಾದ ಇಳಿಜಾರು ಬೇಕು. ಸಾಲುಗಳ ಲೆಕ್ಕವೂ ಚೆಂದ. 16 ಇಂಚಿನ ಶಿಂಗಲ್‌ನಲ್ಲಿ ಹೊರಗೆ ಕಾಣುವುದು ಕೆಳಗಿನ 5 ಇಂಚು ಮಾತ್ರ. ಉಳಿದ 11 ಇಂಚು ಮೇಲಿನ ಸಾಲುಗಳ ಅಡಿಯಲ್ಲಿ ಅಡಗಿರುತ್ತದೆ. ಕಾಗದದ ಪಟ್ಟಿ ಕತ್ತರಿಸಿ ಜೋಡಿಸಿ ನೋಡಿ, ಚಾವಣಿಯ ಯಾವ ಜಾಗದಲ್ಲಿ ಸೂಜಿ ಚುಚ್ಚಿದರೂ ಮೂರು ಪದರ ಸಿಗುತ್ತದೆ. ಇಳಿಜಾರು 12ಕ್ಕೆ 4ಕ್ಕಿಂತ ಕಡಿಮೆಯಾದರೆ ಕಾಣುವ ಭಾಗವನ್ನು 3.75 ಇಂಚಿಗೆ ಇಳಿಸಬೇಕು. ಆಗ ಪದರ ನಾಲ್ಕಾಗುತ್ತದೆ, ಹೆಂಚೂ ಜಾಸ್ತಿ ಬೇಕಾಗುತ್ತದೆ.

ಪಕ್ಕಪಕ್ಕದ ಶಿಂಗಲ್‌ಗಳ ನಡುವೆ ಕಾಲು ಇಂಚಿನಷ್ಟು ಸಂದು ಬಿಡಬೇಕು. ಬಿಗಿಯಾಗಿ ಕೂರಿಸಿದರೆ ನೆನೆದು ಉಬ್ಬಿದಾಗ ಒಂದನ್ನೊಂದು ತಳ್ಳಿ ಮೇಲೇಳುತ್ತವೆ. ಒಂದು ಸಾಲಿನ ಸಂದು ಮೇಲಿನ ಸಾಲಿನ ಸಂದಿಗೆ ನೇರವಾಗಿ ಬರಬಾರದು, ಒಂದೂವರೆ ಇಂಚಾದರೂ ಪಕ್ಕಕ್ಕಿರಬೇಕು. ಹೆಂಚಿನ ಅಡಿಯಲ್ಲಿ ಪೂರ್ತಿ ಹಲಗೆ ಹೊದಿಸುವ ಬದಲು ಬಿಡಿ ಬಿಡಿ ರೀಪು ಹೊಡೆದರೆ ಕೆಳಗಿನಿಂದಲೂ ಗಾಳಿಯಾಡುತ್ತದೆ. ಹಳೆಯ ಮರದ ಚಾವಣಿಗಳು ಬಾಳಿದ್ದರಲ್ಲಿ ಈ ಗಾಳಿಯ ಪಾಲು ದೊಡ್ಡದು. ಪೂರ್ತಿ ಹಲಗೆ ಇದ್ದರೆ ಹೆಂಚಿಗೂ ಹಲಗೆಗೂ ನಡುವೆ ಗಾಳಿಯಾಡಲು ಜಾಗ ಮಾಡಿಕೊಡುವುದು ಒಳ್ಳೆಯದು.

ಮೊಳೆಯ ವಿಷಯದಲ್ಲಿ ಜಿಪುಣತನ ಬೇಡ. ಸೀಡರ್‌ನ ಒಗರು ಅಂಶ ಸಾದಾ ಕಬ್ಬಿಣವನ್ನು ತಿನ್ನುತ್ತದೆ, ಕಪ್ಪು ಕಲೆ ಇಳಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್, ಇಲ್ಲವೇ ಬಿಸಿ ಸತುವಿನಲ್ಲಿ ಅದ್ದಿ ತೆಗೆದ ಮೊಳೆ ಬೇಕು. ಹೆಂಚಿಗೆ ಎರಡೇ ಮೊಳೆ ಸಾಕು.

ನಾರ್ವೆಯ ಬೋರ್ಗುಂಡ್ ಮರದ ಚರ್ಚು 12ನೇ ಶತಮಾನದ ಕೊನೆಯ ಹೊತ್ತಿನದು. ರಷ್ಯಾದ ಕಿಝಿ ದ್ವೀಪದಲ್ಲಿ 1714ರಲ್ಲಿ ಕಟ್ಟಿದ ಚರ್ಚಿನ 22 ಗುಮ್ಮಟಗಳಿಗೆ ಆಸ್ಪೆನ್ ಮರದ ಹೆಂಚು ಹೊದಿಸಿದ್ದಾರೆ. ಇವನ್ನು ನೋಡಿ ಮರದ ಹೆಂಚು ನೂರಾರು ವರ್ಷ ಬಾಳುತ್ತದೆ ಅಂದುಕೊಳ್ಳುವುದು ತಪ್ಪು. ಬಾಳಿದ್ದು ಕಟ್ಟಡ. ಹೆಂಚನ್ನು ಕಾಲಕಾಲಕ್ಕೆ ಬದಲಿಸುತ್ತಾ ಬಂದಿದ್ದಾರೆ. ನಾರ್ವೆಯಲ್ಲಿ ಇಂಥ ಚರ್ಚುಗಳಿಗೆ ಆಗಾಗ ಮರದ ಡಾಂಬರು ಬಳಿಯುತ್ತಾರೆ. ನಿಮ್ಮ ಚಾವಣಿಯನ್ನು ಹೀಗೆ ನೋಡಿಕೊಳ್ಳುವವರು ಯಾರು ಅಂತ ಮೊದಲೇ ಕೇಳಿಕೊಳ್ಳಿ.

ಬೆಂಕಿ

ಇಲ್ಲಿ ನಾನು ರಾಜಿಯಾಗುವುದಿಲ್ಲ. 1961ರ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಬೆಲ್ ಏರ್ ಪ್ರದೇಶದಲ್ಲಿ ಬೆಂಕಿ ಹಬ್ಬಿ 480ಕ್ಕೂ ಹೆಚ್ಚು ಮನೆಗಳು ಸುಟ್ಟುಹೋದವು. ಮರದ ಹೆಂಚುಗಳು ಹೊತ್ತಿಕೊಂಡು, ಕಿಡಿಯಾಗಿ ಗಾಳಿಯಲ್ಲಿ ಹಾರಿ, ದೂರದ ಇನ್ನೊಂದು ಚಾವಣಿಯ ಮೇಲೆ ಕೂತವು. ಅಂದರೆ ನಿಮ್ಮ ಮನೆಯ ಹೆಂಚು ನೆರೆಮನೆಗೂ ಅಪಾಯ. ಆ ನಗರ ಹೊಸ ಮರದ ಹೆಂಚಿನ ಚಾವಣಿಗಳನ್ನು ನಿಷೇಧಿಸಿದ್ದು 1989ರಲ್ಲಿ.

ಚಾವಣಿ ಬೆಂಕಿಯನ್ನು ಎಷ್ಟು ತಡೆಯುತ್ತದೆ ಎಂದು ನೋಡುವ ಪರೀಕ್ಷೆಯಲ್ಲಿ ಎ, ಬಿ, ಸಿ ಎಂಬ ಮೂರು ದರ್ಜೆ ಇವೆ, ಎ ಎಲ್ಲಕ್ಕಿಂತ ಮೇಲು. ಪರೀಕ್ಷೆಯ ಒಂದು ಭಾಗದಲ್ಲಿ ಉರಿಯುವ ಮರದ ಜಾಲರಿಯನ್ನು ಚಾವಣಿಯ ಮಾದರಿಯ ಮೇಲಿಡುತ್ತಾರೆ. ಎ ದರ್ಜೆಗೆ ಅದು ಒಂದು ಅಡಿ ಚದರ, ತೂಕ ಸುಮಾರು 2 ಕೆ.ಜಿ. ಸಿ ದರ್ಜೆಗೆ ಒಂದೂವರೆ ಇಂಚಿನ ತುಂಡು, ತೂಕ 10 ಗ್ರಾಂ ಕೂಡ ಇಲ್ಲ. ಎಷ್ಟು ಅಂತರ ನೋಡಿ! ಏನೂ ಸಂಸ್ಕರಿಸದ ಮರಕ್ಕೆ ಸಾಮಾನ್ಯವಾಗಿ ಯಾವ ದರ್ಜೆಯೂ ಇಲ್ಲ. ಒತ್ತಡದಲ್ಲಿ ಬೆಂಕಿ ನಿರೋಧಕ ತುಂಬಿದ ಮರಕ್ಕೆ ಬಿ ಅಥವಾ ಸಿ. ವಿಶೇಷ ಅಡಿಹಾಸು ಸೇರಿದರೆ ಎ ಕೂಡ ಸಿಗುತ್ತದೆ. ಬರೀ ಮೇಲೆ ಬಳಿದದ್ದನ್ನು ನಂಬಬೇಡಿ, ಮಳೆಗೆ ಹೋಗುತ್ತದೆ.

ಸಿಂಥೆಟಿಕ್ ಅಂದ ಕೂಡಲೇ ಬೆಂಕಿಯ ಭಯವಿಲ್ಲ ಅಂದುಕೊಳ್ಳುವವರಿದ್ದಾರೆ. ಅದೂ ತಪ್ಪು. ಪ್ಲಾಸ್ಟಿಕ್ ಕರಗುತ್ತದೆ, ಉರಿಯುತ್ತದೆ. ಎ ದರ್ಜೆ ಎಂದು ಬರೆದಿದ್ದರೆ ಕೆಳಗಿನ ಸಣ್ಣ ಅಕ್ಷರ ಓದಿ. ಎಷ್ಟೋ ಉತ್ಪನ್ನಗಳಿಗೆ ಆ ದರ್ಜೆ ಸಿಕ್ಕಿರುವುದು ನಿರ್ದಿಷ್ಟ ಅಡಿಹಾಸಿನ ಜೊತೆ ಪರೀಕ್ಷೆ ಮಾಡಿದಾಗ. ದರ್ಜೆ ಇರುವುದು ಇಡೀ ಜೋಡಣೆಗೆ. ಅಡಿಹಾಸು ಬದಲಿಸಿದರೆ ಆ ದರ್ಜೆಯೂ ಹೋಯಿತು.

ಸಿಂಥೆಟಿಕ್ ಹೆಂಚು

ಪಾಲಿಎಥಿಲೀನ್, ಪಾಲಿಪ್ರೊಪಿಲೀನ್, ರಬ್ಬರ್ ಬೆರೆತ ಮಿಶ್ರಣ ಹೀಗೆ ಬೇರೆ ಬೇರೆ ಬಗೆ. ಅಚ್ಚಿನಲ್ಲಿ ಎರಕ ಹೊಯ್ದು ಮರದ ಗೆರೆಗಳನ್ನು ಮೂಡಿಸುತ್ತಾರೆ. ನೀರು ಕುಡಿಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ, ಕೊಳೆಯುವುದಿಲ್ಲ. ಮಂಜು, ನೆರಳು, ತೇವ ಇರುವ ಕಡೆ ಇದು ದೊಡ್ಡ ನೆಮ್ಮದಿ. ತೂಕವೂ ಹಗುರ. ಮರದ್ದು ಚದರ ಮೀಟರಿಗೆ ಸುಮಾರು 10ರಿಂದ 20 ಕೆ.ಜಿ., ಇದು ಅದರ ಆಸುಪಾಸಿನಲ್ಲೇ. ಮಣ್ಣಿನ ಹೆಂಚಿನ ತೂಕಕ್ಕೆ ಹೋಲಿಸಿದರೆ ಎರಡೂ ತುಂಬಾ ಕಡಿಮೆ. ಆಲಿಕಲ್ಲಿನ ಹೊಡೆತಕ್ಕೂ ಹಲವು ಉತ್ಪನ್ನಗಳು ಅತ್ಯುತ್ತಮ 4ನೇ ದರ್ಜೆ ಪಡೆಯುತ್ತವೆ. ಆ ದರ್ಜೆಯ ಪರೀಕ್ಷೆಯಲ್ಲಿ ಎರಡು ಇಂಚು ವ್ಯಾಸದ ಉಕ್ಕಿನ ಗುಂಡನ್ನು 20 ಅಡಿ ಎತ್ತರದಿಂದ ಒಂದೇ ಜಾಗಕ್ಕೆ ಎರಡು ಸಲ ಬೀಳಿಸುತ್ತಾರೆ. ಹೆಂಚು ಬಿರಿಯಬಾರದು.

ಬಿಸಿಲು ಇದರ ಶತ್ರು. ಅತಿನೇರಳೆ ಕಿರಣ ಪಾಲಿಮರ್ ಸರಪಳಿಯನ್ನು ತುಂಡರಿಸುತ್ತದೆ. ಬಣ್ಣ ಮಾಸುತ್ತದೆ, ಮೇಲೆ ಸೀಮೆಸುಣ್ಣದಂಥ ಪುಡಿ ಏಳುತ್ತದೆ, ಕೊನೆಗೆ ಹೆಂಚು ಪೆಡಸಾಗುತ್ತದೆ. ಇದನ್ನು ತಡೆಯಲು ಮಿಶ್ರಣದಲ್ಲೇ ಕಿರಣ ಹೀರುವ ಮತ್ತು ಸ್ಥಿರಗೊಳಿಸುವ ವಸ್ತುಗಳನ್ನು ಸೇರಿಸುತ್ತಾರೆ. ಕಾರ್ಬನ್ ಬ್ಲ್ಯಾಕ್ ಅಂಥದ್ದೊಂದು, ಕಪ್ಪು ಹೆಂಚಿಗೆ ಬಹಳ ಒಳ್ಳೆಯದು. ಕಷ್ಟ ಏನೆಂದರೆ, ಒಳಗೆ ಏನು ಎಷ್ಟು ಹಾಕಿದ್ದಾರೆ ಅಂತ ಕಣ್ಣಿಗೆ ಕಾಣುವುದಿಲ್ಲ. ಮರದ ಗುಣವನ್ನು ತುದಿ ನೋಡಿ ಹೇಳಬಹುದು, ಇದನ್ನು ಹಾಗೆ ಹೇಳಲಾಗದು. ಪರೀಕ್ಷಾ ವರದಿಯನ್ನೇ ಕೇಳಬೇಕು.

ಗ್ಯಾರಂಟಿ 50 ವರ್ಷ ಎಂದಿರುತ್ತದೆ. ಆದರೆ ಈಗಿನ ಮಿಶ್ರಣಗಳು ಮಾರುಕಟ್ಟೆಗೆ ಬಂದೇ ಅಷ್ಟು ವರ್ಷ ಆಗಿಲ್ಲ. ಪ್ರಯೋಗಾಲಯದಲ್ಲಿ ಜೋರು ಬೆಳಕು, ಬಿಸಿ, ನೀರು ಕೊಟ್ಟು ಬೇಗ ಮುಪ್ಪಾಗಿಸಿ ಅಂದಾಜು ಮಾಡುತ್ತಾರೆ. ವರ್ಷ ಕಳೆದಂತೆ ಪರಿಹಾರ ಕಡಿಮೆಯಾಗುತ್ತದಾ, ಕೂಲಿ ಸೇರಿದೆಯಾ, ಬಣ್ಣ ಮಾಸುವುದು ಲೆಕ್ಕಕ್ಕಿದೆಯಾ ಅಂತ ಬಿಡಿಸಿ ಓದಿ.

ಹಿಗ್ಗುವ ಲೆಕ್ಕ ಒಂದು ಮಾಡೋಣ. ಪಾಲಿಎಥಿಲೀನ್ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 0.15 ಮಿ.ಮೀ. ಹಿಗ್ಗುತ್ತದೆ ಎಂದಿಟ್ಟುಕೊಳ್ಳಿ. 30 ಸೆಂ.ಮೀ. ಅಗಲದ ಹೆಂಚು, ಬೆಳಗಿನ ಚಳಿಯಿಂದ ಮಧ್ಯಾಹ್ನದ ಬಿಸಿಗೆ 40 ಡಿಗ್ರಿ ಏರಿತು. 0.3 × 0.15 × 40, ಅಂದರೆ 1.8 ಮಿ.ಮೀ. ಚಿಕ್ಕದಾಗಿ ಕಾಣುತ್ತದೆ ಅಲ್ವಾ? ಸಾಲಿನಲ್ಲಿ ಹತ್ತು ಹೆಂಚು ಸಂದಿಲ್ಲದೆ ಕೂತಿದ್ದರೆ 18 ಮಿ.ಮೀ. ಆಯಿತು. ಸಾಲು ಉಬ್ಬದೆ ಇನ್ನೇನು ಮಾಡೀತು? ಅದಕ್ಕೇ ತಯಾರಕರು ಹೇಳಿದ ಸಂದು ಬಿಡಬೇಕು. ಮೊಳೆಯ ತಲೆ ಹೆಂಚಿನ ಮೇಲೆ ಸುಮ್ನೆ ಕೂತಿರಬೇಕು, ಒಳಗೆ ಹುದುಗಬಾರದು. ಗಾಳಿ ಒತ್ತಡದ ಮೊಳೆ ಯಂತ್ರದಲ್ಲಿ ಕೆಲಸ ಮಾಡುವವರು ಇದನ್ನು ಜಾಸ್ತಿ ಗಮನಿಸಬೇಕು.

ಹಾಗಾದರೆ ಯಾವುದು?

ನಾನು ಕೇಳಿಕೊಳ್ಳುವ ಕ್ರಮ ಹೀಗೆ. ಕಾಡು, ಒಣ ಹುಲ್ಲು ಹತ್ತಿರ ಇದೆಯಾ? ಇದ್ದರೆ ಮರ ಬೇಡ, ಎ ದರ್ಜೆಯ ಪೂರ್ತಿ ಜೋಡಣೆ ನೋಡಿ. ದೊಡ್ಡ ಮರದ ನೆರಳು ಚಾವಣಿಯ ಮೇಲೆ ಬೀಳುತ್ತದಾ, ಎಲೆ ಕೂತು ಪಾಚಿ ಕಟ್ಟುತ್ತದಾ? ಆಗಲೂ ಸಿಂಥೆಟಿಕ್ ಕಡೆಗೇ ನನ್ನ ಒಲವು. ಇಳಿಜಾರು ಕಡಿದಾಗಿದೆ, ಗಾಳಿ ಬಿಸಿಲು ಚೆನ್ನಾಗಿವೆ, ಬೆಂಕಿಯ ಭಯ ಕಡಿಮೆ, ಮನೆಯವರಿಗೆ ಆಗಾಗ ನೋಡಿಕೊಳ್ಳುವ ಮನಸ್ಸಿದೆ ಎಂದಾದರೆ ನಾನು ಮರವನ್ನೇ ಆರಿಸುತ್ತೇನೆ, ಖುಷಿಯಿಂದ.

ಚಾವಣಿಯ ನೀರನ್ನು ಕುಡಿಯಲು ಹಿಡಿಯುವವರು ಇನ್ನೊಂದು ಮಾತು ಗಮನಿಸಿ. ರಾಸಾಯನಿಕ ತುಂಬಿದ ಮರದಿಂದ ಇಳಿದ ನೀರು ಅದಕ್ಕೆ ಸಲ್ಲದು. ಸಿಂಥೆಟಿಕ್ ಆದರೂ ಕುಡಿಯುವ ನೀರಿಗೆ ಒಪ್ಪಿಗೆ ಇದೆಯಾ ಎಂದು ಕೇಳಿ.

ಮರದ ಮೇಲೆ ಪಾಚಿ ಬಂದರೆ ಜೋರು ನೀರಿನ ಯಂತ್ರ ಹಿಡಿಯಬೇಡಿ. ಪಾಚಿಯ ಜೊತೆ ಮೆತ್ತಗಾದ ನಾರೂ ಕಿತ್ತು ಹೋಗುತ್ತದೆ. ಮೆದು ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಉಜ್ಜಿ. ಒಂದು ಹೆಂಚು ಸೀಳಿದ್ದರೆ ಅದೊಂದನ್ನೇ ಬದಲಿಸಬಹುದು. ಅದರ ಮೊಳೆಗಳು ಮೇಲಿನ ಸಾಲಿನ ಅಡಿಯಲ್ಲಿ ಅಡಗಿರುತ್ತವೆ. ಕೊಕ್ಕೆಯಿರುವ ತೆಳು ಉಕ್ಕಿನ ಪಟ್ಟಿಯನ್ನು ಒಳಗೆ ತೂರಿಸಿ, ಮೊಳೆಗೆ ಸಿಕ್ಕಿಸಿ, ಹಿಡಿಗೆ ಸುತ್ತಿಗೆಯಿಂದ ಕೆಳಮುಖವಾಗಿ ಹೊಡೆದರೆ ಮೊಳೆ ತುಂಡಾಗುತ್ತದೆ. ಹಳೆಯ ಹೆಂಚು ಜಾರಿ ಕೈಗೆ ಬರುತ್ತದೆ. ಅದೇ ಜಾಗಕ್ಕೆ ಹೊಸದನ್ನು ಸಂದು ಬಿಟ್ಟು ತೂರಿಸಿ. ಹೊಸದರ ಕೆಂಪು, ಸುತ್ತಲಿನ ಬೂದು ಬಣ್ಣದ ನಡುವೆ ಸ್ವಲ್ಪ ಕಾಲ ಎದ್ದು ಕಾಣುತ್ತದೆ. ಬಿಸಿಲು ಮಳೆ ಕಂಡ ಮೇಲೆ ಅದೂ ಬೂದಾಗುತ್ತದೆ.