ಚೆಕ್ ಭಾಷೆ ಬರಲ್ಲ, ಒಪೆರಾ ಅರ್ಥ ಆಗುತ್ತಾ?

ಓದುಗರ ಪ್ರಶ್ನೆ: ಪ್ರಾಗ್‌ನ ನ್ಯಾಷನಲ್ ಥಿಯೇಟರಿನಲ್ಲಿ 'ಯೆನೂಫಾ' ಅನ್ನುವ ಒಪೆರಾ ನೋಡುವ ಆಸೆ ಇದೆ. ಚೆಕ್ ಒಂದಕ್ಷರ ಬರಲ್ಲ. ಇದನ್ನ ಇಂಗ್ಲಿಷಿಗೆ ಅನುವಾದಿಸಿ ಹಾಡಬಾರದಾ?

ಹಾಡಬಹುದು, ಹಾಡುತ್ತಾರೆ ಕೂಡ. ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಒಪೆರಾದವರು ಇಂಗ್ಲಿಷಿನಲ್ಲೇ ಹಾಡಿಸುತ್ತಾರೆ. ಆದರೆ ಈ ಒಪೆರಾದ ಮಟ್ಟಿಗೆ ನನ್ನ ಓಟು ಚೆಕ್‌ಗೇ.

ಯಾಕೆ ಅಂದರೆ, 'ಹೌದಾ' ಅನ್ನುವ ಒಂದೇ ಮಾತನ್ನು ನಾವು ಆಶ್ಚರ್ಯಕ್ಕೆ ಒಂದು ರಾಗದಲ್ಲಿ, ಅನುಮಾನಕ್ಕೆ ಇನ್ನೊಂದು ರಾಗದಲ್ಲಿ, ಫೋನಿನಲ್ಲಿ ಸುಮ್ನೆ ಹೂಂಗುಟ್ಟುವಾಗ ಮತ್ತೊಂದು ರಾಗದಲ್ಲಿ ಹೇಳುತ್ತೇವೆ ಅಲ್ವಾ? ಯೆನೂಫಾಗೆ ಸಂಗೀತ ಬರೆದ ಲಿಯೋಶ್ ಯಾನಾಚೆಕ್ ಇಂಥ ರಾಗಗಳನ್ನೇ ಹಿಡಿಯುತ್ತಿದ್ದ. ಸಂತೆಯಲ್ಲೋ ರಸ್ತೆಯಲ್ಲೋ ಜನ ಆಡಿದ ಮಾತನ್ನು ಕಿಸೆಯ ಪುಸ್ತಕದಲ್ಲಿ ಸ್ವರ ಹಾಕಿ ಬರೆದುಕೊಳ್ಳುತ್ತಿದ್ದ. 1903ರಲ್ಲಿ ಮಗಳು ಓಲ್ಗಾ ಸಾಯುವಾಗ ಆಡಿದ ಮಾತುಗಳನ್ನೂ ಹೀಗೇ ಬರೆದಿಟ್ಟ. ಅದನ್ನ ಓದಿದಾಗ ನನಗೆ ಮೈ ಜುಂ ಅಂದಿತ್ತು, ಸ್ವಲ್ಪ ಸಿಟ್ಟೂ ಬಂದಿತ್ತು. ಯೆನೂಫಾ ಅರ್ಪಣೆಯಾಗಿರುವುದು ಅವಳ ನೆನಪಿಗೇ.

ಚೆಕ್ ಮಾತಿನಲ್ಲಿ ಒತ್ತು ಬೀಳುವುದು ಯಾವಾಗಲೂ ಮೊದಲ ಅಕ್ಷರಕ್ಕೆ. ಹಾಗಾಗಿ ಸಾಲು ಧಡ್ ಅಂತ ಶುರುವಾಗುತ್ತದೆ. ಇಂಗ್ಲಿಷಿನಲ್ಲಿ ಮುಂದೆ ಒಂದು 'ದ', ಒಂದು 'ಎ' ಬಂದು ಕೂರುತ್ತದೆ, ಏಟು ಜಾಗ ತಪ್ಪುತ್ತದೆ.

ಆದರೂ ಅನುವಾದವನ್ನ ಬೈಯುವ ಹಾಗಿಲ್ಲ. 1904ರಲ್ಲಿ ಬ್ರನೋ ಊರಿನಲ್ಲಿ ಗೆದ್ದ ಒಪೆರಾ ಪ್ರಾಗ್‌ನ ಈ ಥಿಯೇಟರಿಗೆ ಬಂದದ್ದು 1916ರಲ್ಲಿ. ಅಲ್ಲಿನ ಒಪೆರಾ ಮುಖ್ಯಸ್ಥ ಕೊವಾರ್ಜೊವಿಟ್ಸ್ ಬರೆದಿದ್ದ ಒಪೆರಾ ಒಂದನ್ನು ಯಾನಾಚೆಕ್ ಹಿಂದೆ ವಿಮರ್ಶೆಯಲ್ಲಿ ಸಿಕ್ಕಾಪಟ್ಟೆ ಆಡಿಕೊಂಡಿದ್ದ, ಆ ಮನುಷ್ಯ ಅದನ್ನ ಮರೆತಿರಲಿಲ್ಲ! ಕೊನೆಗೆ ಒಪ್ಪಿಕೊಂಡಾಗಲೂ ವಾದ್ಯಗಳ ಭಾಗವನ್ನು ತಾನೇ ತಿದ್ದಿ ಆಡಿಸಿದ. ಆಮೇಲೆ ಲೇಖಕ ಮಾಕ್ಸ್ ಬ್ರಾಡ್ ಮಾಡಿದ ಜರ್ಮನ್ ಅನುವಾದ 1918ರಲ್ಲಿ ವಿಯೆನ್ನಾ ತಲುಪಿತು, ಹೆಸರು ಹರಡಿದ್ದು ಅಲ್ಲಿಂದ.

ಈಗ ವೇದಿಕೆಯ ಮೇಲ್ಗಡೆ ಬೋರ್ಡಿನಲ್ಲಿ ಸಾಲುಗಳ ಅರ್ಥ ಬರುತ್ತದೆ, ಪ್ರಾಗ್‌ನಲ್ಲಿ ಇಂಗ್ಲಿಷಿನಲ್ಲೂ. ಆದರೂ ಕಥೆಯನ್ನ ಮೊದಲೇ ಓದಿಕೊಂಡು ಹೋಗಿ. ಚೆಕ್ ನಾಡಿನ ಮೊರಾವಿಯಾ ಪ್ರಾಂತ್ಯದ ಹಳ್ಳಿ. ಮದುವೆಗೆ ಮುಂಚೆ ಬಸುರಾದ ಯೆನೂಫಾ. ಮಗುವಿನ ಅಪ್ಪ ಕೈಬಿಡುತ್ತಾನೆ, ಅವಳನ್ನು ಬಚ್ಚಿಟ್ಟು ಕಾಪಾಡಿದ ಮಲತಾಯಿ ಕೊಸ್ಟೆಲ್ನಿಚ್ಕಾ ಊರವರ ಬಾಯಿಗೆ ಹೆದರಿ ಕೂಸನ್ನು ಹಿಮಗಟ್ಟಿದ ಹೊಳೆಗೆ ಹಾಕುತ್ತಾಳೆ. ಹಿಮ ಕರಗಿದಾಗ, ಯೆನೂಫಾಳ ಮದುವೆಯ ದಿನವೇ, ಹೆಣ ಸಿಗುತ್ತದೆ.

ಶುರುವಿನಲ್ಲೇ ಝೈಲೋಫೋನ್ (ಮರದ ಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯ) ಟಕಟಕ ಅನ್ನುತ್ತದಲ್ಲ, ಅದು ಹಿಟ್ಟಿನ ಗಿರಣಿಯ ಚಕ್ರ, ಕಿವಿಗೊಡಿ. ಎರಡನೇ ಅಂಕದ ಕೊನೆಯಲ್ಲಿ ಗಾಳಿಗೆ ಕಿಟಕಿ ತೆರೆದುಕೊಳ್ಳುತ್ತದೆ, ಸಾವೇ ಒಳಗೆ ಇಣುಕಿದಂತೆ ಕೊಸ್ಟೆಲ್ನಿಚ್ಕಾ ಚೀರುತ್ತಾಳೆ. ಆಗ ಮಾತ್ರ ಬೋರ್ಡಿನ ಕಡೆ ನೋಡಬೇಡಿ.