ಸ್ತನದ ಆಪರೇಷನ್ ಆದ ರಾತ್ರಿಯ ನೋವು

"ಕೊಯ್ದ ಮೇಲೆ ನೋಯದೆ ಇರುತ್ತಾ ಡಾಕ್ಟ್ರೇ, ತಡ್ಕೋತೀನಿ ಬಿಡಿ." ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಶಿವಮೊಗ್ಗಕ್ಕೆ ಸ್ತನ ಕ್ಯಾನ್ಸರ್ ಆಪರೇಷನ್‌ಗೆ ಬರುವ ಹೆಂಗಸರು ಹೀಗೆನ್ನುವುದು ಜಾಸ್ತಿ. ಅರಿವಳಿಕೆ ವೈದ್ಯೆಯಾಗಿ ನಾನು ಹೇಳುವುದಿಷ್ಟೇ: ಅಷ್ಟೆಲ್ಲ ತಡೆದುಕೊಳ್ಳಬೇಕಾಗಿಲ್ಲ.

ಎದೆಯ ನೋವನ್ನು ಹೊತ್ತೊಯ್ಯುವುದು ಹೆಚ್ಚಾಗಿ ಪಕ್ಕೆಲುಬುಗಳ ಸಂದಿಯ ನರಗಳು. ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ, ಅವುಗಳ ದಾರಿಯಲ್ಲಿ ಬುಪಿವಕೇನ್ ಅಥವಾ ರೋಪಿವಕೇನ್ ಎಂಬ ಮರಗಟ್ಟಿಸುವ ಔಷಧಿ ಬಿಡುತ್ತೇವೆ. ಇದೇ ನರ್ವ್ ಬ್ಲಾಕ್. ಬೆನ್ನುಮೂಳೆಯ ಪಕ್ಕದಲ್ಲಿ ಕೊಡುವ ಪ್ಯಾರಾವರ್ಟಿಬ್ರಲ್ ಬ್ಲಾಕ್ ಹಳೆಯದು, ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಶ್ವಾಸಕೋಶದ ಪೊರೆ ಅಲ್ಲೇ ಪಕ್ಕದಲ್ಲಿರುತ್ತದೆ, ಪಳಗಿದ ಕೈ ಬೇಕು. 2011ರಲ್ಲಿ ರಫೇಲ್ ಬ್ಲಾಂಕೊ ಎಂಬ ವೈದ್ಯರು ಎದೆಯ ಸ್ನಾಯುಗಳ ನಡುವೆಯೇ ಔಷಧಿ ಬಿಡುವ ಪೆಕ್ಸ್ ಬ್ಲಾಕ್ ವಿವರಿಸಿದರು. ಅದರ ಎರಡನೇ ರೂಪ ಕಂಕುಳಿಗೂ ತಲುಪುತ್ತದೆ.

ಕಂಕುಳನ್ನು ನಾನು ಬೇಕೆಂದೇ ಹೇಳುತ್ತಿದ್ದೇನೆ. ಅಲ್ಲಿನ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆಯುವಾಗ ತೋಳಿನ ಒಳಬದಿಯ ನರಕ್ಕೆ ಪೆಟ್ಟಾಗಬಹುದು. ಉರಿ, ಜುಮುಗುಟ್ಟುವಿಕೆ ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ನೋವೆಂದು ಕೈ ಅಲ್ಲಾಡಿಸದಿದ್ದರೆ ಭುಜ ಬಿಗಿಯುತ್ತದೆ. ಅಂಗಳದಲ್ಲಿ ಅಡಿಕೆ ಹರವಬೇಕು, ಅಟ್ಟದಿಂದ ಡಬ್ಬ ಇಳಿಸಬೇಕು, ಅಲ್ವಾ? ನೋವು ಹಿಡಿತದಲ್ಲಿದ್ದರೆ ವ್ಯಾಯಾಮ ಬೇಗ ಶುರುವಾಗುತ್ತದೆ. ಮಾರ್ಫಿನ್‌ನಂಥ ಔಷಧಿ ಕಡಿಮೆ ಸಾಕಾಗುತ್ತದೆ, ವಾಂತಿಯೂ ಕಡಿಮೆ.

ಬ್ಲಾಕ್ ಕೊಟ್ಟರೆ ಕ್ಯಾನ್ಸರ್ ಮರುಕಳಿಸುವುದು ಕಡಿಮೆಯಾಗಬಹುದು ಎಂಬ ಆಸೆ ನಮಗೂ ಇತ್ತು. 2,108 ಹೆಂಗಸರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ನೋವು ಕಡಿಮೆ ಮಾಡುವುದಕ್ಕೇ ಬ್ಲಾಕ್ ಕೊಡಬೇಕು. ನನಗೆ ಅಷ್ಟೇ ಸಾಕಾದ ಕಾರಣ.

ಮನೆಯವರು ಗಮನಿಸಬೇಕಾದ ಹೊತ್ತು ರಾತ್ರಿ. ಒಂದೇ ಸಲ ಕೊಟ್ಟ ಬ್ಲಾಕ್ ಸಾಮಾನ್ಯವಾಗಿ ಕೆಲವು ಗಂಟೆಗಳಿಂದ ಅರ್ಧ ದಿನದವರೆಗೆ ಇರುತ್ತದೆ, ಆಮೇಲೆ ಇಳಿಯುತ್ತದೆ. ಬೆಳಿಗ್ಗೆ ಆಪರೇಷನ್ ಆಗಿದ್ದರೆ ನೋವು ಏಳುವುದು ಎಲ್ಲರೂ ಮಲಗಿದ ಮೇಲೆ. "ಈಗ ನೋವಿಲ್ಲ, ಮಾತ್ರೆ ಸುಮ್ನೆ ಯಾಕೆ" ಅಂತ ಬಿಡಬೇಡಿ. ಬರೆದುಕೊಟ್ಟ ಪ್ಯಾರಾಸಿಟಮಾಲ್ ಹೊತ್ತಿಗೆ ಸರಿಯಾಗಿ ಕೊಡಿ. ರಾತ್ರಿ ನೋವು ಜಾಸ್ತಿಯಾದರೆ ಸಿಸ್ಟರನ್ನು ಕರೆಯಿರಿ.

ಬ್ಲಾಕ್‌ನಿಂದ ಅಪರೂಪಕ್ಕೆ ಸೂಜಿ ಚುಚ್ಚಿದಲ್ಲಿ ಒಳಗೇ ರಕ್ತ ಸೋರಿ ಸೇರಿಕೊಳ್ಳುವುದು, ಶ್ವಾಸಕೋಶಕ್ಕೆ ಸೂಜಿ ತಗಲುವುದು, ಔಷಧಿ ರಕ್ತಕ್ಕೆ ಸೇರಿ ಮೈಗೇರುವುದು ಆಗಬಹುದು. ಹಾಗಾಗಿ ರಕ್ತ ತೆಳುವಾಗಿಸುವ ಮಾತ್ರೆ ತಗೋತಿದ್ದರೆ, ಹಿಂದೆ ಹಲ್ಲು ಕೀಳಿಸುವಾಗ ಮರಗಟ್ಟುವ ಇಂಜೆಕ್ಷನ್‌ನಿಂದ ತೊಂದರೆಯಾಗಿದ್ದರೆ ಆಪರೇಷನ್‌ಗೆ ಮುಂಚೆಯೇ ಹೇಳಿ. ಆಗಲೇ ಕೇಳಿ: "ನನಗೆ ಬ್ಲಾಕ್ ಕೊಡ್ತೀರಾ?"