ಏಳನೆಯ ತಾರೀಖಿನ ಲೆಕ್ಕ

ಜಯನಗರದಲ್ಲಿರುವ ನಮ್ಮ ಲೆಕ್ಕಪರಿಶೋಧನಾ ಕಚೇರಿಗೆ ತಿಂಗಳ ಮೊದಲ ಇಪ್ಪತ್ತು ದಿನಗಳ ದಿನಚರಿಯನ್ನು ಸರ್ಕಾರವೇ ಬರೆದುಕೊಟ್ಟಿದೆ: 7ಕ್ಕೆ ಟಿಡಿಎಸ್ (ಹಣ ಕೊಡುವಾಗಲೇ ಕಡಿದುಕೊಂಡ ಆದಾಯ ತೆರಿಗೆ), 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ ಕೊಡುವ ಜಿಎಸ್‌ಟಿ ರಿಟರ್ನ್), 15ಕ್ಕೆ ನೌಕರರ ಪಿಎಫ್ (ಭವಿಷ್ಯನಿಧಿ) ಮತ್ತು ಇಎಸ್‌ಐ (ಆರೋಗ್ಯ ವಿಮೆ), 20ಕ್ಕೆ ಜಿಎಸ್‌ಟಿಆರ್-3ಬಿ (ತಿಂಗಳ ಜಿಎಸ್‌ಟಿ ಕಟ್ಟುವ ರಿಟರ್ನ್). ಇಷ್ಟು ಖಚಿತವಾದ ಗಡುವುಗಳಿದ್ದ ಮೇಲೆ ಯಾವುದು ಮೊದಲು ಎಂಬ ಗೊಂದಲ ಏಕೆ ಎಂದು ಅನೇಕರು ಕೇಳುತ್ತಾರೆ. ಕೆಲಸ ಯಾವಾಗ ಮುಗಿಯಬೇಕು ಎಂಬುದನ್ನಷ್ಟೇ ಗಡುವು ಹೇಳುತ್ತದೆ. ಯಾವಾಗ ಕೈಗೆತ್ತಿಕೊಳ್ಳಬೇಕು ಎಂಬುದನ್ನು ನಾವೇ ಲೆಕ್ಕ ಹಾಕಬೇಕು.

ಕೆಲವು ವರ್ಷಗಳ ಹಿಂದೆ, ಒಂದು 7ನೆಯ ತಾರೀಖಿನಂದು, ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರು ಬ್ಯಾಂಕ್ ಸಾಲದ ಪ್ರಾಜೆಕ್ಟ್ ರಿಪೋರ್ಟ್‌ಗಾಗಿ ಬೆಳಗ್ಗೆಯಿಂದ ಮೂರು ಸಲ ಫೋನ್ ಮಾಡಿ, "ಇವತ್ತೇ ಬೇಕು ಮೇಡಂ, ಮ್ಯಾನೇಜರ್ ಕಾಯ್ತಾ ಇದ್ದಾರೆ" ಎಂದು ದುಂಬಾಲು ಬಿದ್ದರು. ರಾತ್ರಿ ಒಂಬತ್ತರವರೆಗೆ ಕುಳಿತು ಅದನ್ನು ಮುಗಿಸಿಕೊಟ್ಟೆ. ಒಮ್ಮೆಯೂ ಫೋನ್ ಮಾಡದ ಇನ್ನೊಬ್ಬ ಕ್ಲೈಂಟಿನ 60,000 ರೂಪಾಯಿಯ ಟಿಡಿಎಸ್ ಚಲನ್ ಮಾತ್ರ ಮರುದಿನಕ್ಕೆ ಜಾರಿತು. ತಡವಾದದ್ದು ಒಂದೇ ದಿನ. ಆದರೆ ಬಡ್ಡಿ ತಿಂಗಳಿಗೆ ಶೇ 1.5, ಅದು ತೆರಿಗೆ ಕಡಿತವಾದ ದಿನದಿಂದಲೇ ಶುರುವಾಗುತ್ತದೆ, ತಿಂಗಳ ಒಂದು ತುಣುಕೂ ಪೂರ್ತಿ ತಿಂಗಳೆಂದೇ ಲೆಕ್ಕ. ಕಡಿತವಾದ ತಿಂಗಳು, ಕಟ್ಟಿದ ತಿಂಗಳು ಎರಡೂ ಸೇರಿ ಶೇ 3, ಅಂದರೆ 1,800 ರೂಪಾಯಿ. ತಪ್ಪು ನನ್ನದಾದ್ದರಿಂದ ನನ್ನ ಕೈಯಿಂದಲೇ ಕಟ್ಟಿದೆ. ಆ ಪ್ರಾಜೆಕ್ಟ್ ರಿಪೋರ್ಟನ್ನು ಬ್ಯಾಂಕಿನವರು ತೆರೆದು ನೋಡಿದ್ದು ಮುಂದಿನ ವಾರ.

ಅಂದಿನಿಂದ ಯಾವ ಕೆಲಸ ಬಂದರೂ, ಇದು ಒಂದು ದಿನ ತಡವಾದರೆ ಎಷ್ಟು ರೂಪಾಯಿ ಹೋಗುತ್ತದೆ ಎಂದು ಮೊದಲು ಬರೆದುಕೊಳ್ಳುತ್ತೇವೆ. ಅದೇ 60,000 ರೂಪಾಯಿ ಜಿಎಸ್‌ಟಿಯನ್ನು 3ಬಿಯಲ್ಲಿ ಒಂದು ದಿನ ತಡವಾಗಿ ಕಟ್ಟಿದರೆ ದಿನದ ವಿಳಂಬ ಶುಲ್ಕ 50 ರೂಪಾಯಿ, ವರ್ಷಕ್ಕೆ ಶೇ 18ರಂತೆ ಒಂದು ದಿನದ ಬಡ್ಡಿ ಸುಮಾರು 30 ರೂಪಾಯಿ. ಒಟ್ಟು 80ರ ಆಸುಪಾಸು. (ಹಾಗೆಂದು 3ಬಿಯನ್ನು ತಡಮಾಡಬಹುದು ಎಂದು ಯಾವ ಕ್ಲೈಂಟಿಗೂ ನಾನು ಹೇಳುವುದಿಲ್ಲ.) ಮೇಲ್ನೋಟಕ್ಕೆ ಎರಡೂ ಒಂದೇ ಬಗೆಯ ಗಡುವುಗಳು, ಆದರೆ ತಡವಾದಾಗ ತೆರಬೇಕಾದ ಬೆಲೆಯಲ್ಲಿ ಇಪ್ಪತ್ತು ಪಟ್ಟಿಗೂ ಹೆಚ್ಚಿನ ಅಂತರವಿದೆ.

ಇನ್ನೊಂದು ಪ್ರಶ್ನೆ, ಕೆಲಸ ಈಗ ಯಾರ ಕೈಯಲ್ಲಿದೆ ಎಂಬುದು. ಪೀಣ್ಯದಲ್ಲಿ ಲೇತ್ ವರ್ಕ್‌ಶಾಪ್ ನಡೆಸುವ ಕ್ಲೈಂಟೊಬ್ಬರು ಖರೀದಿ ಬಿಲ್ಲುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿ ಕಳಿಸುತ್ತಾರೆ. ಎಣ್ಣೆಯ ಕಲೆಯಾಗಿ ಒಂದಕ್ಕೊಂದು ಅಂಟಿಕೊಂಡಿರುವ ಆ ಬಿಲ್ಲುಗಳು, ಕೇಳಿದ ಮೇಲೆ ಬರಲು ನಾಲ್ಕು ದಿನ ಬೇಕು. ಕೇಳುವ ಕೆಲಸ ಎರಡು ನಿಮಿಷದ್ದು. ಸಣ್ಣ ಕೆಲಸವೆಂದು ಅದನ್ನು ಸಂಜೆಗೆ ತಳ್ಳುತ್ತಿದ್ದೆವು, ಎಷ್ಟೋ ಸಲ ಮರುದಿನಕ್ಕೆ. ಈಗ 1ನೆಯ ತಾರೀಖು ಬೆಳಗ್ಗೆ, ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯನ್ನು ತೆರೆಯುವ ಮೊದಲೇ, ಬಿಲ್ಲು ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುವ ಸಂದೇಶಗಳು ಎಲ್ಲರಿಗೂ ಹೋಗಿರುತ್ತವೆ.

ಬೇಗ ಮಾಡಿದ್ದೆಲ್ಲ ಒಳ್ಳೆಯದು ಎಂಬ ಭ್ರಮೆಯೂ ನಮಗಿತ್ತು. ನಮ್ಮ ಕಚೇರಿಯ ಬಹಳ ಶ್ರದ್ಧೆಯ ಹುಡುಗಿಯೊಬ್ಬಳು 5ನೆಯ ತಾರೀಖಿಗೇ ಖರೀದಿಗಳನ್ನು ತಾಳೆ ನೋಡಲು ಕುಳಿತುಬಿಡುತ್ತಿದ್ದಳು. ಮಾಲು ಕೊಟ್ಟವರಿಗೆ ತಮ್ಮ ರಿಟರ್ನ್ ಸಲ್ಲಿಸಲು 11ರವರೆಗೆ ಕಾಲಾವಕಾಶವಿದೆ, ಆ ರಿಟರ್ನ್‌ಗಳಿಂದ ತಯಾರಾಗುವ, ತಾಳೆ ನೋಡಲು ನಮಗೆ ಬೇಕಾದ ಖರೀದಿ ಪಟ್ಟಿ ಜಿಎಸ್‌ಟಿಆರ್-2ಬಿ ಸಿದ್ಧವಾಗುವುದು 14ಕ್ಕೆ; ಹೀಗಾಗಿ ಅವಳ ಎರಡು ದಿನದ ದುಡಿಮೆಯನ್ನು ಮತ್ತೆ ಮೊದಲಿನಿಂದ ಮಾಡಬೇಕಾಗುತ್ತಿತ್ತು. ಈಗ ಆ ಕೆಲಸಕ್ಕೆ 14ರಿಂದ 20ರವರೆಗಿನ ದಿನಗಳನ್ನು ಬಿಟ್ಟಿದ್ದೇವೆ. ಕ್ಲೈಂಟುಗಳ ಭೇಟಿಯೂ 20ರ ನಂತರವೇ, ಅದೂ ಒಂದೇ ದಿನ: ಜಯನಗರ, ಚಿಕ್ಕಪೇಟೆ, ಪೀಣ್ಯ ಮೂರೂ ಮೆಟ್ರೋದ ಹಸಿರು ಮಾರ್ಗದಲ್ಲೇ ಇವೆ.

ಬಟ್ಟೆ ವ್ಯಾಪಾರಿ ಈಗಲೂ "ಇವತ್ತೇ ಬೇಕು" ಎಂದೇ ಮಾತು ಶುರುಮಾಡುತ್ತಾರೆ. ನಾಳೆ ಕೊಟ್ಟರೆ ಏನು ನಷ್ಟ ಎಂದು ಸೌಮ್ಯವಾಗಿ ಕೇಳುತ್ತೇನೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಗುರುವಾರ ಸಿಕ್ಕಿದ್ರೂ ನಡೆಯುತ್ತೆ ಬಿಡಿ ಮೇಡಂ" ಎನ್ನುತ್ತಾರೆ.